ತಿಲ್ಲಾನ ಇಲ್ಲದ ಅರಂಗೇಟ್ರಂ

ವಂಜುಳವಲ್ಲಿ ಈಗ ಹುಡುಗಿಯರ ಮೇಲೆ ಕೋಲು ಎಸೆಯುವುದಿಲ್ಲ. ನನ್ನ ಸಿಟ್ಟು ಶುರುವಾಗುವುದೇ ಅಲ್ಲಿಂದ.

ಮೊದಲು ಎಸೆಯುತ್ತಿದ್ದಳು. ತಾಳ ತಟ್ಟುವ ಮರದ ಕೋಲು ಅವಳ ಕೈಯಿಂದ ಹಾರಿ ಯಾರದಾದರೂ ಮೊಣಕಾಲಿಗೆ ತಾಗುತ್ತಿತ್ತು. ಹುಡುಗಿ ಅಳುತ್ತಿದ್ದಳು, ನಾನು ಹಾಡು ನಿಲ್ಲಿಸಿ ಜಗಳಕ್ಕೆ ನಿಲ್ಲುತ್ತಿದ್ದೆ, ಬಾಗಿಲ ಬಳಿ ಕೂತ ತಾಯಂದಿರು ಗೊಣಗುತ್ತಿದ್ದರು. ಅದು ಒಳ್ಳೆಯದಿತ್ತು ಅಂತ ನಾನು ಹೇಳುತ್ತಿಲ್ಲ. ಆದರೆ ಕೋಲು ಎಲ್ಲರ ಕಣ್ಣಿಗೂ ಕಾಣುತ್ತಿತ್ತು, ಹಾಗಾಗಿ ಜಗಳ ಆಡುವುದಕ್ಕೆ ಒಂದು ಜಾಗ ಇತ್ತು.

ಹೋದ ವರ್ಷ ಅವಳು ಚೆನ್ನೈಗೆ ಹೋಗಿ, ಕಲಾವಿದರ ದೇಹ ಮನಸ್ಸುಗಳ ಆರೋಗ್ಯ, ಶಿಷ್ಯರನ್ನು ಗೌರವದಿಂದ ಕಾಣುವ ಬಗೆ ಅಂತೆಲ್ಲ ಒಂದು ಶಿಬಿರ ಮುಗಿಸಿಕೊಂಡು ಬಂದಳು. ಅಲ್ಲಿ ಕೊಟ್ಟ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ, ಕೋಲು ನೇತಾಡುತ್ತಿದ್ದ ಮೊಳೆಗೇ ಅದನ್ನು ನೇತು ಹಾಕಿದಳು. ಆಮೇಲೆ ಅವಳ ಬಾಯಲ್ಲಿ ಎಲ್ಲರೂ ಮುದ್ದಿನ 'ಕಣ್ಣಾ' ಆದರು.

"ಕಣ್ಣಾ, ನಿನ್ನ ದೇಹ ಏನು ಹೇಳ್ತಿದೆ? ಕಣ್ಣು ಮುಚ್ಚಿ ಕೇಳಿಸ್ಕೋ."

"ಸುಸ್ತಾಗಿದೆ ಅಂತಿದೆ ಟೀಚರ್."

"ಅದು ದೇಹ ಅಲ್ಲ ಕಣ್ಣಾ, ಅದು ಭಯ. ಇನ್ನೂ ಒಳಗೆ ಹೋಗಿ ಕೇಳು."

ಅವಳಿಗೆ ಬೇಕಾದ ಉತ್ತರ ಬರುವವರೆಗೂ ಹುಡುಗಿ ಒಳಗೆ ಹೋಗುತ್ತಲೇ ಇರಬೇಕು. ಮಾತು ಬೆಲ್ಲ, ಕರುಳು ಕತ್ತರಿ. ಇದಕ್ಕೆ ಯಾವ ತಾಯಿ ಗೊಣಗುತ್ತಾಳೆ? ಎಲ್ಲರೂ ತಲೆದೂಗಿದರು.

ನಾನು ಪದ್ಮಾಸನಿ. ಮಧುರೈಯ ತೆಪ್ಪಕುಳ ಕೊಳದ ಪಕ್ಕದ ಒಂದು ಮಹಡಿಯ ಮೇಲೆ ವಂಜು ನೃತ್ಯಶಾಲೆ ತೆರೆದ ದಿನದಿಂದ ಅವಳ ಹುಡುಗಿಯರಿಗೆ ಹಾಡುತ್ತ ಬಂದವಳು. ಮೃದಂಗಕ್ಕೆ ಸುಂದರಪಾಂಡಿ. ಪಾಠ ಮುಗಿಯದೆ ಎಳೆಯುತ್ತಿದ್ದರೆ ಪಾಂಡಿ ನನ್ನ ಕಡೆ ಬಾಗಿ, "ಅಕ್ಕಾ, ಮಂಗಳ ಹಾಡ್ಬಿಡಿ, ಮನೇಲಿ ಸಾರು ಆರ್ತಿದೆ" ಎಂದು ಪಿಸುಗುಡುತ್ತಿದ್ದ. ಅದು ನಮ್ಮಿಬ್ಬರ ಹಳೇ ತಮಾಷೆ. ಮಂಗಳ ಹಾಡಿದರೆ ಮುಗಿಯಿತು, ಅದರ ಮೇಲೆ ಗೆಜ್ಜೆ ಸದ್ದಾಗಬಾರದು. ಕಾರೈಕುಡಿಯಲ್ಲಿ ಒಬ್ಬ ದೊಡ್ಡ ಮನುಷ್ಯ, ಮಂಗಳ ಆದ ಮೇಲೆ ಇನ್ನೊಂದು ಹಾಡಿಗೆ ಕುಣಿಸಿ ಎಂದು ಕೇಳಿದ್ದಕ್ಕೆ ವಂಜು ಮೈಕಿನಲ್ಲೇ, "ಮಂಗಳ ಆದ್ಮೇಲೆ ಕುಣಿಸೋದು ಮನೆಗೆ ಬೀಗ ಹಾಕಿ ನೆಂಟರನ್ನ ಕರೆದ ಹಾಗೆ ಸ್ವಾಮಿ" ಎಂದು ಬಾಯಿ ಮುಚ್ಚಿಸಿದ್ದಳು.

ಆ ಮಹಡಿಯ ನೆಲ ಗ್ರಾನೈಟಿನದು. ಮುಖ ಕಾಣುವಷ್ಟು ಹೊಳೆಯುತ್ತದೆ. ಮರದ ಹಲಗೆ ಹಾಕಿಸು ಎಂದು ನಾನು ಹೇಳಿ ಹೇಳಿ ಸಾಕಾಗಿದ್ದೆ. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ" ಎಂದು ವಂಜು ನಗುತ್ತಿದ್ದಳು. ನೆಲ ಡೊಂಕಿಲ್ಲ ಮಾರಾಯ್ತಿ, ಕಲ್ಲು.

ಆ ಕಲ್ಲಿನ ಮೇಲೆ ಕುಯಿಲಿಯ ಕಾಲು ಹೋಯಿತು.

ಕುಯಿಲಿ ಸುಂಗುಡಿ ಸೀರೆ ಅಂಗಡಿಯ ಮಂಗೈಯರ್ಕರಸಿಯ ಒಬ್ಬಳೇ ಮಗಳು. ಮುಂದಿನ ಹಲ್ಲು ಬಿದ್ದ ವಯಸ್ಸಿನಲ್ಲಿ ಬಂದವಳು, ಈಗ ಅಮ್ಮನಿಗಿಂತ ಉದ್ದ. ವಂಜುವಿನ ಶಾಲೆಯಲ್ಲಿ ಅಷ್ಟು ಚೆನ್ನಾಗಿ ಕುಣಿಯುವವಳು ಇನ್ನೊಬ್ಬಳು ಹುಟ್ಟಿಲ್ಲ. ಅರಂಗೇಟ್ರಂ, ಅಂದರೆ ಅವಳ ರಂಗಪ್ರವೇಶ, ಗೊತ್ತಾದ ಮೇಲೆ ಬೆಳಿಗ್ಗೆ ಸಂಜೆ ಎರಡೂ ಹೊತ್ತು ಅಭ್ಯಾಸ. "ಉಡುಪು ಅಳತೆ ಕೊಟ್ಟು ಹೊಲಿಸಿದ್ದೀವಿ, ಅದನ್ನೂ ಗೌರವಿಸ್ಬೇಕಲ್ವಾ ಕಣ್ಣಾ" ಎಂದು ವಂಜು ಹೇಳಿದ ಮೇಲೆ ಹುಡುಗಿ ಒಂದೇ ಇಡ್ಲಿಗೆ ಇಳಿದಳು. ಒಂದು ದಿನ ಅವಳ ಬಲಗಾಲಿನ ಪೆಟ್ಟು ಮೆತ್ತಗೆ ಬೀಳತೊಡಗಿತು. ನಾನು ತಿರುಗಿ ನೋಡಿದೆ, ಪಾಂಡಿಯೂ ನೋಡಿದ. ಮಂಡಿಯ ಕೆಳಗೆ ಬೆರಳಿಟ್ಟರೆ ಕಿರುಚಿದಳು.

ಅವಳ ಅಮ್ಮ ಅರಸಿಯ ಅಂಗಡಿಗೇ ಹೋಗಿ ಕೂಗಾಡಿ, ತಾಯಿ ಮಗಳು ಇಬ್ಬರನ್ನೂ ಮೂಳೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಕಾಲಿನ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು. "ಕೂಡಿಕೊಳ್ಳುವವರೆಗೂ ನೆಲ ತುಳಿಯುವ ಹಾಗಿಲ್ಲ. ತುಳಿದರೆ ಪೂರ್ತಿ ಮುರಿಯಬಹುದು, ಆಮೇಲೆ ಈ ಕಾಲನ್ನ ನಂಬಿ ಕುಣಿಯೋಕಾಗಲ್ಲ" ಎಂದರು ಡಾಕ್ಟರು. ಅರಂಗೇಟ್ರಂ ಆ ತಿಂಗಳಲ್ಲೇ ಇತ್ತು.

ಸರಿ, ಮುಂದಕ್ಕೆ ಹಾಕುತ್ತಾರೆ ಅಂದುಕೊಂಡೆ. ಎಂಥ ಪೆದ್ದಿ ನಾನು!

ವಂಜು ಎಲ್ಲರನ್ನೂ ನೆಲದ ಮೇಲೆ ಸುತ್ತ ಕೂರಿಸಿದಳು. ಶಿಬಿರದಲ್ಲಿ ಕಲಿತ ವಿದ್ಯೆ ಇದು. ಎದೆಯ ಮೇಲೆ ಕೈಯಿಟ್ಟು ಒಬ್ಬೊಬ್ಬರಾಗಿ ಮನಸ್ಸಿನ ಮಾತು ಹೇಳಬೇಕು, ಬೇರೆಯವರು ನಡುವೆ ಬಾಯಿ ಹಾಕಬಾರದು. ಅರಸಿ, "ಕರೆಯೋಲೆ ಎಲ್ಲಾ ಹಂಚಿ ಆಗಿದೆ, ನಮ್ಮಣ್ಣ ಮಲೇಷ್ಯಾದಿಂದ ಬರ್ತಿದ್ದಾನೆ" ಎಂದು ಅತ್ತಳು. ಕುಯಿಲಿಯ ಸರದಿ ಬಂತು.

"ನಿನ್ನ ಮೇಲೆ ಯಾವ ಒತ್ತಡಾನೂ ಇಲ್ಲ ಕಣ್ಣಾ" ಎಂದಳು ವಂಜು. "ನೀನು ಬೇಡ ಅಂದ್ರೆ ಬೇಡ. ಹಾಲ್ ಖಾಲಿ ಬಿಡೋದು ಬೇಡ ಅಂತ ನಿನ್ನ ಬದಲು ಆರತಿಯನ್ನ ಸ್ಟೇಜ್ ಹತ್ತಿಸ್ತೀನಿ, ಅಷ್ಟೇ. ನಿನ್ನ ದೇಹ ಏನು ಹೇಳುತ್ತೋ ಹೇಳು."

ಶಾಲೆಯ ಇನ್ನೊಬ್ಬ ಹುಡುಗಿ ಆರತಿ ಪಕ್ಕದಲ್ಲೇ ಕೂತಿದ್ದಳು, ಪಾಪ, ಅವಳಿಗೂ ನೆಲ ನೋಡುವ ಹಾಗಾಯಿತು.

"ಆಗುತ್ತೆ ಅಂತಿದೆ ಟೀಚರ್" ಎಂದಳು ಕುಯಿಲಿ.

"ಮಗು ಹತ್ರ ಏನೇ ಕೇಳೋದು? ಡಾಕ್ಟರು ಹೇಳಿದ್ದು ಕಿವಿಗೆ ಬಿತ್ತಾ ಇಲ್ವಾ?" ಎಂದು ನಾನು ನಡುವೆ ಬಾಯಿ ಹಾಕಿದೆ.

"ಪದ್ದು, ಇದು ಎಲ್ಲರ ಮಾತಿಗೂ ಬೆಲೆ ಕೊಡೋ ಜಾಗ. ನಿನ್ನ ಸಿಟ್ಟನ್ನ ಹೊರಗಿಟ್ಟು ಬಾ."

ಕೋಣದ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಆದರೂ ಬಿಡಲಿಲ್ಲ. ಎಲ್ಲರೂ ಎದ್ದು ಹೋದ ಮೇಲೆ ನಟರಾಜನ ವಿಗ್ರಹದ ಮುಂದೆ ವಂಜುವನ್ನು ನಿಲ್ಲಿಸಿ ಮಾತು ತೆಗೆದುಕೊಂಡೆ. ನೃತ್ಯಗಳಲ್ಲೇ ದೊಡ್ಡದಾದ ವರ್ಣವನ್ನು ಅರ್ಧಕ್ಕೆ ಇಳಿಸುವುದು. ಆಮೇಲೆ ಕೂತು ಅಭಿನಯಿಸುವ ಒಂದು ಪದ, ಅಲ್ಲಿಗೇ ಮಂಗಳ. ಕಾಲಿಗೆ ಬಿಡುವೇ ಇಲ್ಲದ ತಿಲ್ಲಾನ ಬೇಡವೇ ಬೇಡ. "ಆಯ್ತು ಕಣೇ, ನಾನೇನು ರಾಕ್ಷಸೀನಾ?" ಎಂದು ವಂಜು ದೀಪ ಮುಟ್ಟಿ ಹೇಳಿದಳು.

ಆ ದಿನ ಬಂತು. ಮುಂದಿನ ಸಾಲಿನಲ್ಲಿ ಮುಖ್ಯ ಅತಿಥಿಯಾಗಿ ಚೆನ್ನೈಯ ಒಂದು ಸಂಗೀತ ಸಭಾದ ಕಾರ್ಯದರ್ಶಿ ಕೂತಿದ್ದರು. ಮಾರ್ಗಶಿರದ ಸಂಗೀತ ನೃತ್ಯ ಕಛೇರಿಗಳಿಗೆ ಯಾರನ್ನು ಕರೆಯಬೇಕೆಂದು ಹೇಳುವವರು ಅವರೇ. ಅವರನ್ನು ನೋಡಿದ್ದೇ ವಂಜುವಿನ ಬೆನ್ನು ನೆಟ್ಟಗಾಯಿತು. ಆಗಲೇ ನನಗೆ ಅನುಮಾನ ಬಂತು.

ಕುಯಿಲಿ ಉಡುಪಿನ ಒಳಗೆ ಕಾಲಿಗೆ ಪಟ್ಟಿ ಬಿಗಿದು, ನೋವಿನ ಮಾತ್ರೆ ನುಂಗಿ ಬಂದಿದ್ದಳು. ಕುಣಿಯಲು ನಿಂತಾಗ ಅದೆಲ್ಲ ಎಲ್ಲಿ ಹೋಯಿತೋ. ಅರೆಮಂಡಿಗೆ ಕೂತರೆ ಅಳತೆ ಹಿಡಿದು ಕೆತ್ತಿದಂತೆ. ಸಿಟ್ಟಿನ ನಡುವೆಯೂ ಹೇಳುತ್ತೇನೆ, ಅಂಥ ಹುಡುಗಿಗೆ ಹಾಡುವುದೇ ಒಂದು ಸುಖ. ವರ್ಣ ಅರ್ಧಕ್ಕೆ ಬಂತು. ನಾನು ಮುಗಿಸುವ ಸಾಲಿಗೆ ಇಳಿದೆ. ಪಕ್ಕದಲ್ಲಿ ತಾಳ ಹಿಡಿದು ಕೂತಿದ್ದ ವಂಜು ನನ್ನ ಮುಖ ನೋಡದೆ ಹೆಜ್ಜೆಗೆ ಹೇಳುವ ಮುಂದಿನ ಜತಿಯನ್ನು ಜೋರಾಗಿ ಶುರು ಮಾಡಿಬಿಟ್ಟಳು. ಹುಡುಗಿ ಒಂದು ಕ್ಷಣ ನಮ್ಮ ಕಡೆ ಕಣ್ಣು ಹೊರಳಿಸಿ, ಕಾಲು ಎತ್ತಿ ಹಾಕಿದಳು. ವರ್ಣ ಪೂರ್ತಿ ಆಯಿತು. ಜನ ಚಪ್ಪಾಳೆ ಹೊಡೆದರು, ಕಾರ್ಯದರ್ಶಿ ತೊಡೆ ತಟ್ಟಿ ಮೆಚ್ಚಿದರು.

ವಿರಾಮದಲ್ಲಿ ತೆರೆಯ ಹಿಂದೆ ಹೋದೆ. ಕುಯಿಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅಮ್ಮನ ಸೆರಗು ಕಚ್ಚಿಕೊಂಡಿದ್ದಳು.

"ಸಾಕು, ಇಲ್ಲಿಗೇ ನಿಲ್ಲಿಸೋಣ" ಎಂದೆ.

"ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ, ನೋವು ಅಂತ ಯಾರಿಗೂ ಹೇಳ್ಬೇಡಿ" ಎಂದಳು ಹುಡುಗಿ.

"ವಂಜು, ಆಣೆ ಮಾಡಿದ್ದೆ ನೀನು."

"ಏನು ಮಾಡ್ಲಿ, ಹರೀತಾ ಇತ್ತು, ತಡೆಯೋಕೆ ಮನಸ್ಸು ಬರಲಿಲ್ಲ" ಎಂದ ವಂಜು ಹುಡುಗಿಯ ಎದುರು ಮಂಡಿಯೂರಿ ಕೂತು ಅವಳ ಎರಡೂ ಕೈ ಹಿಡಿದುಕೊಂಡಳು. ಹಾಗೆ ಕೂರುವಾಗ ಅವಳ ಮಂಡಿಯೂ ಲಟಕ್ಕೆಂದಿತು. ವಂಜುವಿನ ಗುರು ಅವಳನ್ನು ಕುಣಿಸಿದ್ದೂ ಕಲ್ಲಿನ ಮೇಲೆಯೇ. "ಕಣ್ಣಾ, ದೇಹ ಏನು ಹೇಳ್ತಿದೆ?"

ಹುಡುಗಿ ಕಣ್ಣು ಮುಚ್ಚಿದಳು. ಒಳಗೆ ಹೋದಳು, ಬಂದಳು. "ಆಗುತ್ತೆ ಅಂತಿದೆ ಟೀಚರ್."

ಗುರು ಕೈ ಹಿಡಿದು ಎದುರಿಗೆ ಕೂತಿರುವಾಗ, ಅಮ್ಮ ಪಕ್ಕದಲ್ಲಿ ಕಣ್ಣೊರೆಸಿಕೊಳ್ಳುತ್ತಿರುವಾಗ, ಮಾವ ಮಲೇಷ್ಯಾದಿಂದ ಬಂದು ಮೊಬೈಲು ಹಿಡಿದು ಕೂತಿರುವಾಗ ಹದಿನಾರರ ಹುಡುಗಿಯ ದೇಹ ಇನ್ನೇನು ಹೇಳೀತು? ನನಗೆ ಆ ಪ್ರಮಾಣಪತ್ರದ ಗಾಜು ಒಡೆಯುವಷ್ಟು ಕೋಪ ಬಂತು.

ಪದ ಆಯಿತು. ಕೂತು ಮಾಡುವುದಾದ್ದರಿಂದ ಹುಡುಗಿಗೆ ಉಸಿರು ಬಂತು. ನಾನು ಮಂಗಳಕ್ಕೆ ಗಂಟಲು ಸರಿ ಮಾಡಿಕೊಳ್ಳುವಾಗ ನಿರೂಪಕಿ ಮೈಕು ಹಿಡಿದು ಬಂದಳು. "ಈಗ ನೀವೆಲ್ಲ ಕಾಯುತ್ತಿರುವ ತಿಲ್ಲಾನ!"

ವಂಜು ನನ್ನ ಕಡೆ ವಾಲಿ, "ಕಾರ್ಯದರ್ಶಿಗಳೇ ಕೇಳಿದ್ರು ಕಣೇ. ಹಿಡಿ" ಎಂದಳು.

ಕುಯಿಲಿ ಬಂದು ನಿಂತಳು. ಎಡಗಾಲಿನ ಮೇಲೆಯೇ ಭಾರವೆಲ್ಲ. ತುಟಿಯ ಬಣ್ಣದ ಸುತ್ತ ಮುಖ ಬಿಳಿಚಿಕೊಂಡಿತ್ತು. ನಗುತ್ತಿದ್ದಳು. ನಗು ಬಿಡಬಾರದು ಎಂದೇ ಅವಳಿಗೆ ಕಲಿಸಿದ್ದು. ಬಲಗಾಲನ್ನು ಎತ್ತಲು ಅಣಿಯಾಗಿ ನನ್ನ ಧ್ವನಿಗೆ ಕಾದಳು.

ನಾನು ಮಂಗಳ ಹಾಡಿದೆ.

ಬಾಯಿ ತಪ್ಪಿ ಅಲ್ಲ, ಬೇಕೆಂದೇ. ಮೊದಲ ಅಕ್ಷರಕ್ಕೇ ಪಾಂಡಿಯ ಕೈ ಮೃದಂಗದ ಮೇಲೆ ನಿಂತಿತು. ನನ್ನನ್ನು ನೋಡಿದ. ಆಮೇಲೆ ತಲೆ ತಗ್ಗಿಸಿ ಮಂಗಳಕ್ಕೆ ಬೇಕಾದ ನಡೆಗೆ ಇಳಿದ. ವಂಜುವಿನ ಉಗುರು ನನ್ನ ತೊಡೆಗೆ ನಾಟಿತು. ನಾನು ನಿಲ್ಲಿಸಲಿಲ್ಲ. ಕೇಳುತ್ತಿದ್ದಂತೆ ಹಿರಿಯರು ಕುರ್ಚಿಯಿಂದ ಎದ್ದರು, ಯಾರೋ ಕೈ ಮುಗಿದರು, ಅಜ್ಜಿಯೊಬ್ಬರು ಚಪ್ಪಲಿ ಕಳಚಿದರು. ನಡುವೆ ತಡೆಯಲು ಅಲ್ಲಿ ಯಾರಿಗೂ ಧೈರ್ಯ ಇರಲಿಲ್ಲ, ವಂಜುವಿಗೂ. ಕಾರೈಕುಡಿಯಲ್ಲಿ ಆಡಿದ ಮಾತು ಅವಳದೇ ತಾನೆ! ಹಲ್ಲು ಕಚ್ಚಿಕೊಂಡು ತಾಳ ಹಾಕಿದಳು. ಎಷ್ಟಾದರೂ ಕಲಾವಿದೆ, ಒಂದು ಪೆಟ್ಟೂ ತಪ್ಪಲಿಲ್ಲ.

ಕುಯಿಲಿಗೆ ಏನೂ ತೋಚಲಿಲ್ಲ. ಮಂಗಳಕ್ಕೆ ಮಾಡಬೇಕಾದ್ದನ್ನು ಕೈಗಳು ತಾವಾಗಿ ಮಾಡಿದವು. ಕೊನೆಗೆ ಭೂಮಿಗೆ ನಮಸ್ಕಾರ. ನಿನ್ನನ್ನು ತುಳಿದೆ, ಕ್ಷಮಿಸು ಎಂದು ನಾವು ನೆಲವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇವಲ್ಲ, ಅದು. ತುಳಿದ ಕಾಲಿನ ಕ್ಷಮೆಯನ್ನು ಯಾರೂ ಕೇಳಿದ್ದಿಲ್ಲ. ಹುಡುಗಿ ಬಗ್ಗಿ ಕೂತು ನೆಲ ಮುಟ್ಟಿದಳು. ಏಳಲಿಲ್ಲ.

ಎಂಥ ಭಕ್ತಿ ಎಂದುಕೊಂಡು ಇಡೀ ಹಾಲ್ ಚಪ್ಪಾಳೆ ತಟ್ಟಿತು. ಪಾಂಡಿ ಮೃದಂಗ ಪಕ್ಕಕ್ಕಿಟ್ಟು ಓಡಿದ. ನಾನೂ ಅವನೂ ಎರಡು ಕಂಕುಳಿಗೆ ಕೈ ಕೊಟ್ಟು ಎತ್ತಿದೆವು.

ತೆರೆಯ ಹಿಂದೆ ನನಗೆ ಹಾರ ಹಾಕುತ್ತಾರೆ ಅಂತ ನಾನೇನೂ ಅಂದುಕೊಂಡಿರಲಿಲ್ಲ. ಆದರೂ ಅಷ್ಟು ಬೈಗಳು ಬೇಕಿರಲಿಲ್ಲ. "ನನ್ನ ಮಗಳ ದೊಡ್ಡ ದಿನಕ್ಕೆ ಮಣ್ಣು ಹಾಕಿದ್ರಲ್ಲಾ, ನಿಮಗೆ ಮಕ್ಕಳಿದ್ದಿದ್ರೆ ಗೊತ್ತಾಗ್ತಿತ್ತು" ಎಂದಳು ಅರಸಿ. ವಂಜು ಕೂಗಾಡಲಿಲ್ಲ. ಶಿಬಿರದ ದನಿಯಲ್ಲಿ, "ಪದ್ದು, ನೀನು ನನ್ನ ಶಿಷ್ಯೆಯ ಆಯ್ಕೆಯನ್ನ ಗೌರವಿಸಲಿಲ್ಲ" ಎಂದಳು.

"ಆಯ್ಕೆ! ಥೂ!" ಎಂದೆ. ಅದಕ್ಕಿಂತ ಒಳ್ಳೆಯ ಮಾತು ಆಗ ಹೊಳೆಯಲಿಲ್ಲ.

ಅವರಿಬ್ಬರ ಮಾತು ನಾನು ತಡೆದುಕೊಂಡೆ. ಕುಯಿಲಿ ಆಂಬುಲೆನ್ಸಿಗೆ ಹತ್ತುವಾಗ ಕಣ್ಣಿನ ಕಾಡಿಗೆ ಎಲ್ಲ ಕೆನ್ನೆಗಿಳಿದ ಮುಖದಲ್ಲಿ, "ನನ್ನ ತಿಲ್ಲಾನ ಕಿತ್ಕೊಂಡ್ರಿ ಅಕ್ಕ. ಇನ್ನು ನನ್ನ ಹತ್ರ ಮಾತಾಡ್ಬೇಡಿ" ಎಂದಳಲ್ಲ, ಅದು ಮಾತ್ರ ಇವತ್ತಿಗೂ ಎದೆಯಲ್ಲಿ ಚುಚ್ಚುತ್ತದೆ. ಬಿರುಕು ಅಗಲವಾಗಿತ್ತು, ಮುರಿದಿರಲಿಲ್ಲ. ಪ್ಲಾಸ್ಟರು ಹಾಕಿದರು. ಮುರಿಯದೆ ಉಳಿದದ್ದಕ್ಕೆ ಯಾರೂ ನನ್ನ ಹೆಸರು ಹೇಳಲಿಲ್ಲ. ಊರಿಗೆ ಉಪಕಾರ ಮಾಡಬೇಡ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಮಾರನೆಯ ದಿನವೇ ನನ್ನ ಕೆಲಸ ಹೋಯಿತು. ವಂಜು ಎಲ್ಲ ಹಾಡುಗಳನ್ನೂ ಚೆನ್ನೈಯಲ್ಲಿ ಯಾರ ಕೈಲೋ ಹಾಡಿಸಿ ಪೆನ್ ಡ್ರೈವಿಗೆ ಹಾಕಿಸಿಕೊಂಡು ಬಂದಿದ್ದಾಳೆ. ಪೆನ್ ಡ್ರೈವಿಗೆ ಸಿಟ್ಟು ಬರುವುದಿಲ್ಲ, ಹುಡುಗಿಯ ಮುಖವೂ ಕಾಣುವುದಿಲ್ಲ. ಪಾಂಡಿಗೆ ಇನ್ನೂ ಅಲ್ಲೇ ಕೆಲಸ ಇದೆ, ದೊಡ್ಡ ಹುಡುಗಿಯರ ಪಾಠಕ್ಕೆ ಮಾತ್ರ. ನೆಲವೂ ಅದೇ ಗ್ರಾನೈಟು. ನಾನು ಮನೆಯಲ್ಲಿ ನಾಲ್ಕು ಮಕ್ಕಳಿಗೆ ಸರಳೆ ವರಸೆ ಹೇಳಿಕೊಡುತ್ತ, ಅವರ ಅಪಸ್ವರಕ್ಕೆ ಗದರುತ್ತ ದಿನ ತಳ್ಳುತ್ತಿದ್ದೇನೆ.

ನಿನ್ನೆ ಪಾಂಡಿ ಕಾಫಿಗೆ ಬಂದಿದ್ದ. ಕುಯಿಲಿ ಈಗ ಕಾಲು ಸ್ಟೂಲಿನ ಮೇಲಿಟ್ಟುಕೊಂಡು ಚಿಕ್ಕ ಮಕ್ಕಳ ಪಾಠದಲ್ಲಿ ಕೂರುತ್ತಾಳಂತೆ. ಪೆನ್ ಡ್ರೈವು ಚುಚ್ಚಿದ ಹಾಡಿನ ಪೆಟ್ಟಿಗೆಯ ಗುಂಡಿ ಒತ್ತುವುದು ಅವಳ ಕೆಲಸ.

"ನನ್ನ ವಿಷಯ ಏನಾದ್ರೂ ಕೇಳಿದ್ಳಾ?" ಎಂದೆ.

"ಇಲ್ಲಕ್ಕ. ನಿಮ್ಮ ಹೆಸರು ಬಂದ್ರೆ ಆ ಕಡೆ ತಿರುಗ್ತಾಳೆ."

"ತಿರುಗಲಿ ಬಿಡು. ನನಗೇನು" ಎಂದೆ. ಕಾಫಿಗೆ ಸಕ್ಕರೆ ಹಾಕಿದೆನೋ ಇಲ್ಲವೋ ಮರೆತು ಇನ್ನೊಮ್ಮೆ ಹಾಕಿದೆ.

ಪಾಂಡಿ ಒಂದು ಗುಟುಕು ಕುಡಿದು ಮುಖ ಕಿವಿಚಿದ. "ಇನ್ನೊಂದು ಕೇಳಿ. ಮೊನ್ನೆ ನಾನು ಮೃದಂಗ ತರೋಕೆ ಹೋಗಿದ್ದೆ. ಮಕ್ಕಳು ಅಡವಿನ ಹೆಜ್ಜೆ ಹಾಕ್ತಿದ್ರು. ಒಂದು ಚಿಕ್ಕ ಹುಡುಗಿ, ಎಡಗಾಲು ನೆಟ್ಟಗೆ ಇಡ್ತಾ ಇಲ್ಲ, ನಗ್ತಾ ಕುಣೀತಾ ಇದೆ. ಟೀಚರ್ ಇನ್ನೊಂದ್ಸಲ ಇನ್ನೊಂದ್ಸಲ ಅಂತಿದ್ರು. ಇದ್ದಕ್ಕಿದ್ದ ಹಾಗೆ ಹಾಡು ನಿಂತೋಯ್ತು."

"ಕೆಟ್ಟೋಯ್ತಾ?"

"ಟೀಚರೂ ಕೇಳಿದ್ರು. 'ಯಾಕೆ ನಿಲ್ಲಿಸ್ದೆ ಕಣ್ಣಾ?' ಅಂತ. ಕುಯಿಲಿ ಆ ಮಗೂನ ಕರೆದು ಪಕ್ಕದಲ್ಲಿ ಕೂರಿಸ್ಕೊಂಡು, 'ಕರೆಂಟ್ ಹೋಯ್ತು ಟೀಚರ್' ಅಂದ್ಳು." ಪಾಂಡಿ ಲೋಟ ಕೆಳಗಿಟ್ಟ. "ತಲೆ ಮೇಲೆ ಫ್ಯಾನು ಗಿರಗಿರ ತಿರುಗ್ತಾ ಇತ್ತಕ್ಕ."