ಬಳಸಿ ಹೋದ ಗೆರೆ

ಗೋಡೆಯ ಮೇಲೆ ಗೆರೆ ನೆಟ್ಟಗಿತ್ತು.

ವೆರ್ನಾ ಕ್ಲಿಂಗ್‌ಬೈಲ್ ಕನ್ನಡಕ ತೆಗೆದು ಸ್ವೆಟರಿನ ಅಂಚಿನಿಂದ ಒರೆಸಿ ಮತ್ತೆ ಏರಿಸಿಕೊಂಡಳು. ಆಗಲೂ ನೆಟ್ಟಗೇ ಇತ್ತು. ಟಾಲ್‌ಮನ್ ಹಿಲ್ ಶಾಲಾ ಜಿಲ್ಲೆಯ ಹೊಸ ಕಚೇರಿಯ ಪಡಸಾಲೆಯಲ್ಲಿ, ನೆಲದಿಂದ ಸೂರಿನವರೆಗೆ, ಹಳೆಯ ನಕ್ಷೆಯೊಂದನ್ನು ಹಿಗ್ಗಿಸಿ ಅಂಟಿಸಿದ್ದರು. ಅವಳ ಕೈಯ ನಕ್ಷೆ. 1961ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಗುಮಾಸ್ತೆಯಾಗಿ ಸೇರಿದ ಮೂರನೇ ತಿಂಗಳಲ್ಲಿ ಅವಳು ಕೆಂಪು ಶಾಯಿಯಲ್ಲಿ ಎಳೆದ ಜಿಲ್ಲೆಯ ಗಡಿ. ಗಡಿಯೊಳಗಿನ ಮಕ್ಕಳಿಗೆ ಟಾಲ್‌ಮನ್ ಹಿಲ್‌ನ ಶಾಲೆಗಳು. ಹೊರಗಿನ ಮಕ್ಕಳಿಗೆ ನಗರದವು. ನಲವತ್ತೊಂದು ವರ್ಷ ದುಡಿದು ಹೋದ ವರ್ಷ ನಿವೃತ್ತಳಾದ ಅವಳೇ ಈ ನಕ್ಷೆಯನ್ನು ಬಾಯ್ಲರ್ ಕೋಣೆಯ ಸುರುಳಿಗಳ ನಡುವಿನಿಂದ ಹುಡುಕಿ, ಧೂಳು ಕೊಡವಿ, ಜಿಲ್ಲೆಯ ಐವತ್ತನೇ ವರ್ಷದ ಹಬ್ಬಕ್ಕೆಂದು ಕೊಟ್ಟಿದ್ದಳು.

ಕೊಟ್ಟಾಗ ಗೆರೆ ನೆಟ್ಟಗಿರಲಿಲ್ಲ. ತೊರೆಯ ಗುಂಟ ತಣ್ಣಗೆ ಇಳಿದುಬರುತ್ತಿದ್ದ ಗೆರೆ ಮರ್ಸರ್ ಓಣಿಯ ಹತ್ತಿರ ತೊರೆಯನ್ನು ಬಿಟ್ಟು ಒಳಕ್ಕೆ ತಿರುಗಿ, ಏಳು ಮನೆಗಳನ್ನು ಸುತ್ತಿ, ಮತ್ತೆ ತೊರೆಗೆ ಬಂದು ಸೇರುತ್ತಿತ್ತು. ದಾರಿಯಲ್ಲಿ ಸೆಗಣಿ ಕಂಡವರು ಬಟ್ಟೆ ಎತ್ತಿ ಹಿಡಿದು ಬದಿಗೆ ಸರಿದು ಹೋಗುವ ಹಾಗೆ.

"ಓ, ಅದಾ?" ಎಂದಳು ಕೆಯ್ಲಾ. ನಕ್ಷೆಯನ್ನು ಗೋಡೆಗೆ ಹೊಂದಿಸಿದ ಹುಡುಗಿ. ಜಿಲ್ಲೆಯ ಪ್ರಚಾರದ ಕೆಲಸ ಅವಳದು. "ಕಾಗದ ಮಡಿಚಿ ಸುಕ್ಕು ಬಿದ್ದಿದೆ ಅನ್ಕೊಂಡೆ. ಅಲ್ಲೊಂದು ಗಂಟು ಥರ ಇತ್ತು, ನೋಡೋಕೆ ಚೆನ್ನಾಗಿರ್ಲಿಲ್ಲ. ಕಂಪ್ಯೂಟರಲ್ಲಿ ಎರಡೇ ನಿಮಿಷ, ಸರಿ ಮಾಡ್ದೆ."

"ಅದು ಸುಕ್ಕಲ್ಲಮ್ಮ. ಅಲ್ಲಿ ಜನ ಇದ್ರು."

"ಎಲ್ಲ ಕಡೆನೂ ಜನ ಇದ್ರಲ್ಲ?" ಎಂದಳು ಕೆಯ್ಲಾ, ಕೆಟ್ಟ ಮನಸ್ಸಿನಿಂದಲ್ಲ.

 ಸ್ವಾಗತದ ಮೇಜಿನ ಮೇಲೆ ಬಿಳಿ ಕೆಂಪು ಪಟ್ಟೆಯ ಪೆಪ್ಪರ್‌ಮೆಂಟಿನ ಬಟ್ಟಲಿತ್ತು. ಅದರ ವಾಸನೆ ಅವಳ ಮೂಗಿಗೆ ಬಡಿಯಿತು.

ಆವತ್ತೂ ಅದೇ ವಾಸನೆ ಇತ್ತು. ಸೂಪರಿಂಟೆಂಡೆಂಟ್ ಡಾಕ್ಟರ್ ವೈಗಂಡ್ ಅವಳ ಹೆಗಲ ಮೇಲಿಂದ ಬಾಗಿ, ನಕ್ಷೆಯ ಮೇಲೆ ಬೆರಳಿಟ್ಟು, ಬಾಯಲ್ಲಿದ್ದ ಪೆಪ್ಪರ್‌ಮೆಂಟನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿ, "ಇಲ್ಲಿ ಸ್ವಲ್ಪ ಬಳಸ್ಕೊಂಡು ಹೋಗಮ್ಮ" ಎಂದಿದ್ದ. ಅಷ್ಟೇ. ಏಕೆಂದು ಅವಳು ಕೇಳಲಿಲ್ಲ. ಕೇಳುವಂಥದ್ದೇನೂ ಇರಲಿಲ್ಲ, ಊರಿಗೆಲ್ಲ ಗೊತ್ತಿತ್ತು. ಮರ್ಸರ್ ಓಣಿಯ ಏಳೂ ಮನೆ ಕರಿಯರವು. ಗಾರೆ ಕೆಲಸದವರು, ಊರು ಬೆಳೆಯುವ ಮೊದಲಿಂದ ಇದ್ದವರು. ಓಣಿಯ ಎದುರಿಗೆ ಆ ಬೇಸಿಗೆಯಲ್ಲಿ ಎದ್ದ ಲಿಂಡೆನ್ ಶಾಲೆಯ ಇಟ್ಟಿಗೆ ಇಟ್ಟವರೂ ಅವರೇ. ವೆರ್ನಾ ಉಸಿರು ಬಿಗಿಹಿಡಿದು ಏಳು ಮನೆಗಳನ್ನು ಸುತ್ತಿದಳು. ಎಷ್ಟು ನುಣುಪಾಗಿ ಬಂತು ತಿರುವು ಎಂದು ಒಳಗೊಳಗೇ ಹಿಗ್ಗಿದಳು ಕೂಡ. ಈಗ ಅವಳಿಗೆ ನೆನೆದರೆ ಉಗಿಯಬೇಕೆನಿಸುವುದು ವೈಗಂಡನ ಬೆರಳಿಗಲ್ಲ, ಆ ಹಿಗ್ಗಿಗೆ.

ವೈಗಂಡನ ಹೆಸರು ಈಗ ಹೈಸ್ಕೂಲಿನ ಹಣೆಯ ಮೇಲಿದೆ.

ಹಬ್ಬದ ಪುಸ್ತಕವನ್ನು ಬರೆದವಳೂ ವೆರ್ನಾ, ನಲವತ್ತು ಪುಟ. 1953ರಲ್ಲಿ ಜೋಳದ ಹೊಲಗಳ ನಡುವಿನ ನಾಲ್ಕು ಒಂಟಿ ಕೋಣೆಯ ಶಾಲೆಗಳನ್ನು ಒಟ್ಟುಮಾಡಿ ಜಿಲ್ಲೆ ಕಟ್ಟಿದಾಗ ಇದ್ದದ್ದು ಇನ್ನೂರ ಹನ್ನೆರಡು ಮಕ್ಕಳು. ಆಮೇಲೆ ನಗರದಿಂದ ಜನ ಬಂದರು. ಏಕೆ ಬಂದಿರೆಂದರೆ "ಇಲ್ಲಿ ಗಾಳಿ ಚೆನ್ನಾಗಿದೆ" ಎನ್ನುತ್ತಿದ್ದರು. ಮರ ಕಡಿದು ಬೀದಿ ಮಾಡಿ, ಕಡಿದ ಮರದ ಹೆಸರನ್ನೇ ಬೀದಿಗಿಟ್ಟರು. ತಗಡಿನ ತರಗತಿಗಳನ್ನು ಎರಡು ವರ್ಷದ ಮಟ್ಟಿಗೆಂದು ತಂದು ಇಪ್ಪತ್ತು ವರ್ಷ ಇಟ್ಟುಕೊಂಡರು. ಈಗ ಹನ್ನೊಂದು ಶಾಲೆ, ಒಂಬತ್ತು ಸಾವಿರ ಮಕ್ಕಳು, ಒಂದು ಈಜುಕೊಳ. ಇದೆಲ್ಲದರ ನಡುವೆ ಅವಳು ಒಂದೇ ಒಂದು ವಾಕ್ಯ ಸೇರಿಸಿದ್ದಳು: 1961ರಲ್ಲಿ ಮರ್ಸರ್ ಓಣಿಯ ಏಳು ಕುಟುಂಬಗಳನ್ನು, ಅವರ ಬಣ್ಣದ ಕಾರಣಕ್ಕೆ, ಗಡಿಯಿಂದ ಹೊರಗಿಡಲಾಯಿತು.

ಅಚ್ಚಾಗಿ ಬಂದ ಪುಸ್ತಕದಲ್ಲಿ ಆ ವಾಕ್ಯ ಇರಲಿಲ್ಲ. ಉಳಿದಿದ್ದದ್ದು ನಕ್ಷೆಯ ಮೇಲಿನ ತಿರುವೊಂದೇ. ಈಗ ಅದೂ ಹೋಗಿತ್ತು.

"ಮಿಸೆಸ್ ಕೆ!" ಟಾಡ್ ಹೋಲ್ಸಿಂಗರ್ ಎರಡೂ ತೋಳು ಚಾಚಿಕೊಂಡು ಬಂದ. ಶಾಲಾ ಮಂಡಳಿಯ ಅಧ್ಯಕ್ಷ, ಮನೆ ಮಾರಿಸುವ ವ್ಯಾಪಾರಿ. ಕಚೇರಿ ಶಾಲೆಯೊಳಗೇ ಇದ್ದ ಕಾಲದಲ್ಲಿ, ಮೂರನೇ ಕ್ಲಾಸಿನಲ್ಲಿ ಮೂಗಿನಿಂದ ರಕ್ತ ಸುರಿಸಿಕೊಂಡು ಅವಳ ಮೇಜಿನ ಮುಂದೆ ನಿಲ್ಲುತ್ತಿದ್ದವನು. ಬಟ್ಟಲಿನಿಂದ ಒಂದು ಪೆಪ್ಪರ್‌ಮೆಂಟ್ ಎತ್ತಿ ಬಾಯಿಗೆ ಹಾಕಿಕೊಂಡ. "ಹೆಂಗಿದೆ ಗೋಡೆ?"

"ಸುಳ್ಳಾಗಿದೆ."

"ಅಯ್ಯೋ, ನೀವು ಬಿಡಿ."

"ನನ್ನ ವಾಕ್ಯ ಎಲ್ಲಿ ಟಾಡ್?"

"ಓದ್ದೆ ಮಿಸೆಸ್ ಕೆ. ದೇವರಾಣೆ, ಕಣ್ಣಲ್ಲಿ ನೀರು ಬಂತು."

"ಕಣ್ಣೊರೆಸ್ಕೊಂಡು ನೀನೇ ಕಿತ್ತು ಹಾಕ್ದೆ."

"ಕಿತ್ತಿಲ್ಲ, ಬೇರೆ ಥರ ಹೇಳಿದೀವಿ. 'ಬೆಳವಣಿಗೆಯ ಆ ದಿನಗಳಲ್ಲಿ ಎಲ್ಲರೂ ಒಂದಿಷ್ಟು ತ್ಯಾಗ ಮಾಡಿದರು' ಅಂತ. ನೋಡಿ, ನವೆಂಬರಲ್ಲಿ ಶಾಲೆ ತೆರಿಗೆಗೆ ಜನ ಮತ ಹಾಕ್ಬೇಕು. ಈಗ ಹಳೇದನ್ನ ಕೆದಕಿದ್ರೆ ತೊಂದ್ರೆ ಯಾರಿಗೆ? ಮಕ್ಕಳಿಗೆ." ಪೆಪ್ಪರ್‌ಮೆಂಟ್ ಕಟಕ್ಕೆಂದು ಮುರಿಯಿತು. "ಅಂದ ಹಾಗೆ, ಶನಿವಾರ ಹಬ್ಬದಲ್ಲಿ ನಿಮ್ಗೊಂದು ಖುಷಿ ಸುದ್ದಿ ಇದೆ. ಈಗ್ಲೇ ಹೇಳ್ಬಿಡ್ತೀನಿ. ಈ ಕಟ್ಟಡದ ಇತಿಹಾಸದ ಕೋಣೆಗೆ ನಿಮ್ಮ ಹೆಸರು. ಹಿತ್ತಾಳೆ ಫಲಕ. ಬೋರ್ಡಲ್ಲಿ ಐದಕ್ಕೆ ಐದೂ ಮತ ನಿಮ್ಗೇ."

ತಿಪ್ಪೆ ಸಾರಿಸಿ ಮೇಲೆ ರಂಗೋಲಿ ಬಿಡುವುದು ಎಂದರೆ ಇದೇ. ಆ ರಂಗೋಲಿಗೆ ಇವಳ ಹೆಸರು.  ಆದರೂ ಬೇಡ ಎಂಬ ಮಾತು ತಕ್ಷಣ ಬರಲಿಲ್ಲ ಎನ್ನುವುದನ್ನು ಅವಳು ಗಮನಿಸಿಕೊಂಡಳು.

ಮರುದಿನ ಬೆಳಿಗ್ಗೆ ಬಸ್ಸುಗಳ ಅಂಗಳಕ್ಕೆ ಹೋದಳು. ಮಕ್ಕಳನ್ನು ಬಿಟ್ಟು ಬಂದ ಹದಿನಾಲ್ಕನೇ ನಂಬರಿನ ಬಸ್ಸಿನೊಳಗೆ ಆರ್ಡೀಲಿಯಾ ಪ್ರೂಯಿಟ್ ಕಸ ಗುಡಿಸುತ್ತಿದ್ದಳು. ನಲವತ್ತೆಂಟರ ಗಟ್ಟಿ ಹೆಂಗಸು. ಮರ್ಸರ್ ಓಣಿಯಲ್ಲಿ ಹುಟ್ಟಿ, ಅಡುಗೆಮನೆ ಕಿಟಕಿಯಿಂದ ಲಿಂಡೆನ್ ಶಾಲೆಯ ಗಂಟೆ ಕೇಳುತ್ತಾ, ಐವತ್ತು ನಿಮಿಷ ಬಸ್ಸಿನಲ್ಲಿ ನಗರದ ಶಾಲೆಗೆ ಹೋಗಿಬಂದವಳು. ಈಗ ಇಪ್ಪತ್ತು ವರ್ಷದಿಂದ ಲಿಂಡೆನ್ ಶಾಲೆಯ ಮಕ್ಕಳನ್ನು ಹೊತ್ತು ತಿರುಗುವವಳು. ಇಬ್ಬರೂ ವಾರಕ್ಕೊಮ್ಮೆ ಇಲ್ಲೇ ಕೂತು ಕಾಫಿ ಕುಡಿಯುವುದು ರೂಢಿ.

"ಬಾರೇ ಇತಿಹಾಸಕಾರ್ತಿ! ನಿನ್ನ ಪುಸ್ತಕ ಓದ್ದೆ. ಈಜುಕೊಳಕ್ಕೆ ಎರಡು ಪುಟ. ಅಷ್ಟೊಂದು ನೀರಿತ್ತೇನೇ ಅದ್ರಲ್ಲಿ?"

ವೆರ್ನಾ ಮುಂದಿನ ಸೀಟಿನಲ್ಲಿ ಕೂತಳು. ಪೀಠಿಕೆ ಹಾಕಲು ಆಗಲಿಲ್ಲ. "ಆರ್ಡೀಲಿಯಾ, ನಿಮ್ಮ ಓಣಿ ಸುತ್ತ ಗೆರೆ ಎಳೆದೋಳು ನಾನು."

ಪೊರಕೆ ನಿಲ್ಲಲಿಲ್ಲ. ಸೀಟಿನಡಿಯಿಂದ ಹಾಲಿನ ಖಾಲಿ ಡಬ್ಬಿ, ಜಗಿದುಗಿದ ಚ್ಯೂಯಿಂಗ್ ಗಮ್, ಒಂಟಿ ಕೈಗವಸು ಹೊರಬಂದವು. "ಗೊತ್ತು."

"ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಆವತ್ತು ಆ ಕಚೇರೀಲಿ ಇದ್ದೋರೇ ಇಬ್ರು. ಅವನೋ ಪೆನ್ನು ಹಿಡಿಯೋ ಜಾತಿಯಲ್ಲ, ಬೆರಳು ತೋರ್ಸೋ ಜಾತಿ. ಉಳಿದೋಳು ನೀನು."

"ಗೊತ್ತಿದ್ದೂ ಇಷ್ಟು ವರ್ಷ ನನ್ನ ಜತೆ ಕಾಫಿ ಕುಡಿದೆಯಲ್ಲೇ!"

"ಕಾಫಿ ಚೆನ್ನಾಗಿರ್ತಿತ್ತು."

 "ನನ್ನ ಕ್ಷಮಿ..."

"ಅದನ್ನೆಲ್ಲ ಇಲ್ಲಿ ಸುರೀಬೇಡ ಮಾರಾಯ್ತಿ, ಈಗಷ್ಟೇ ಗುಡಿಸಿದೀನಿ." ಆರ್ಡೀಲಿಯಾ ಪೊರಕೆಯನ್ನು ಮೂಲೆಗೆ ಒರಗಿಸಿ ಮೊದಲ ಸಲ ಇವಳತ್ತ ನೋಡಿದಳು. "ಆ ಗೋಡೆ ನಾನೂ ನೋಡ್ದೆ. ಡ್ರೈವರ್‌ಗಳನ್ನೆಲ್ಲ ಕರ್ಕೊಂಡ್ಹೋಗಿ ಶನಿವಾರ ಎಲ್ಲಿ ಸಾಲಾಗಿ ನಿಲ್ಬೇಕು ಅಂತ ತೋರ್ಸಿದ್ರು. ಗೆರೆ ನೆಟ್ಟಗೆ ತೊರೆ ಗುಂಟ ಹೋಗಿದೆ. ನಮ್ಮ ಓಣಿ ಒಳಗೇ ಇದೆ! ಅಂದ್ರೆ ನಾನು ಲಿಂಡೆನ್ ಶಾಲೇಲಿ ಓದಿದೀನಿ. ಹೌದಾ? ಹೇಳು ನೋಡೋಣ, ಒಂದನೇ ಕ್ಲಾಸಲ್ಲಿ ನನ್ನ ಟೀಚರ್ ಯಾರಿದ್ರು?"

ವೆರ್ನಾ ಕಸದ ನಡುವಿನಿಂದ ಒಂಟಿ ಕೈಗವಸನ್ನು ಎತ್ತಿಕೊಂಡಳು.

"ಮನೆ ಕೆಡವಿ ಟೈರ್ ಅಂಗಡಿ ಮಾಡಿದ್ರು. ಹೋಗ್ಲಿ. ನಮ್ಮನ್ನ ಹೊರಗಿಟ್ಟಿದ್ದಾದ್ರೂ ನಮ್ಮದಾಗಿ ಉಳ್ಕೊಂಡಿತ್ತು. ಅದನ್ನೂ ಕದೀತಾರಲ್ಲ, ಥೂ! ನಿನ್ನ ಕಣ್ಣೀರು ಕಟ್ಕೊಂಡು ನಾನೇನು ಮಾಡ್ಲಿ? ಗೆರೆ ಇದ್ದ ಹಾಗೆ ಹಾಕ್ಸು. ಅಷ್ಟೇ."

ಹಾಕಿಸಲು ಯಾರೂ ಒಪ್ಪಲಿಲ್ಲ. ಕೆಯ್ಲಾ ಟಾಡ್‌ನನ್ನು ಕೇಳಿ ಎಂದಳು. ಟಾಡ್ ಫೋನೇ ಎತ್ತಲಿಲ್ಲ. ಹಿತ್ತಾಳೆ ಫಲಕದ ಫೋಟೋ ಮಾತ್ರ ಕಳಿಸಿಕೊಟ್ಟ.

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಪಡಸಾಲೆ ಕಿಕ್ಕಿರಿದಿತ್ತು. ನಡುವಿನ ಮೇಜಿನ ಮೇಲೆ ಬಾಗಿಲಷ್ಟು ಅಗಲದ ಕೇಕು, ಅದರ ಮೇಲೆ ಇದೇ ನಕ್ಷೆ, ಕೆನೆಯಲ್ಲಿ. ಗಡಿ ಕೆಂಪು, ತೊರೆ ನೀಲಿ, ಶಾಲೆಗಳಿಗೆ ಒಂದೊಂದು ಚೆರ್ರಿ. ಮಾತು ಶುರುವಾಗುವ ಮೊದಲೇ ಹಂಚಿಬಿಟ್ಟಿದ್ದರು. ಕಾಗದದ ತಟ್ಟೆ ಹಿಡಿದು ಜನ ಜಿಲ್ಲೆಯನ್ನು ಮೂಲೆ ಮೂಲೆಯಿಂದ ತಿನ್ನುತ್ತಿದ್ದರು. ತುಟಿ, ಹಲ್ಲು, ನಾಲಿಗೆ ಎಲ್ಲ ನೀಲಿ. ವೈಗಂಡ್ ಹೈಸ್ಕೂಲು ಯಾರದೋ ಗಡ್ಡಕ್ಕೆ ಮೆತ್ತಿಕೊಂಡಿತ್ತು. ಹಿಂದಿನ ಗೋಡೆಗೆ ಡ್ರೈವರ್‌ಗಳು ಒಂದೇ ಬಣ್ಣದ ಅಂಗಿ ತೊಟ್ಟು ಸಾಲಾಗಿ ನಿಂತಿದ್ದರು. ಆರ್ಡೀಲಿಯಾಳ ಕೈಯಲ್ಲಿ ತಟ್ಟೆ ಇರಲಿಲ್ಲ.

"ನಮ್ಮ ಕಥೆ ಬೆಳವಣಿಗೆಯ ಕಥೆ," ಎಂದ ಟಾಡ್ ಮೈಕಿನಲ್ಲಿ, ನೀಲಿ ಹಲ್ಲು ಬಿಟ್ಟು. "ಬಾಗಿಲು ತೆರೆದಿಟ್ಟ ಊರಿನ ಕಥೆ. ಈ ಕಥೆ ಬರೆದ ಕೈ ಇಲ್ಲೇ ಇದೆ. ಬನ್ನಿ ಮಿಸೆಸ್ ಕೆ, ಈ ಪರದೆ ಎಳೀರಿ!"

ವೆರ್ನಾ ಎದ್ದಳು. ಫಲಕದ ಮೇಲಿನ ಪರದೆಯನ್ನು ದಾಟಿ ನಕ್ಷೆಯ ಬಳಿ ಹೋದಳು. ಕೈಚೀಲದಿಂದ ದಪ್ಪ ಕೆಂಪು ಮಾರ್ಕರ್ ತೆಗೆದು, ಮುಚ್ಚಳವನ್ನು ಹಲ್ಲಿನಿಂದ ಕಿತ್ತಳು. ತೊರೆಯ ಹತ್ತಿರದ ನೆಟ್ಟಗಿನ ಗೆರೆಗೆ ಎರಡು ಕಡೆ ಕಾಟು ಹೊಡೆದು, ಅಲ್ಲಿಂದ ಒಳಕ್ಕೆ ತಿರುಗಿಸಿದಳು. ಕೈ ನಡುಗುತ್ತಿತ್ತು. ಮನೆಗಳನ್ನು ತೋರಿಸುವ ಪುಟ್ಟ ಕರಿ ಚೌಕಗಳನ್ನು ಸುತ್ತಿಕೊಂಡು ಹೇಗೋ ಮತ್ತೆ ತೊರೆಗೆ ತಂದು ಮುಟ್ಟಿಸಿದಳು.

ಜನ ಚಪ್ಪಾಳೆ ತಟ್ಟಿದರು.

ಕಾರ್ಯಕ್ರಮದ ಭಾಗ ಅಂದುಕೊಂಡಿದ್ದರು. ಯಾರೋ ಶಿಳ್ಳೆ ಹಾಕಿದರು, ಕ್ಯಾಮೆರಾಗಳು ಮಿನುಗಿದವು. ವೆರ್ನಾ ಗೋಡೆಗೆ ತಿರುಗಿ ತಿರುವಿನ ಕೆಳಗೆ ದೊಡ್ಡ ಅಕ್ಷರದಲ್ಲಿ ಬರೆಯತೊಡಗಿದಳು: ಏಳು ಕರಿಯ ಕುಟುಂಬ. ಶಾಲೆಗೆ ಬರಬಾರದೆಂದು. ಆಗಸ್ಟ್ 1961. ಎಳೆದವಳು ವೆರ್ನಾ ಕ್ಲಿಂಗ್‌ಬೈಲ್.

ಮುಂದಿನ ಸಾಲಿನ ಜನ ಓದಿ ಮುಗಿಸಿ ಕೈ ಇಳಿಸಿದರು. ಓದಲು ಆಗದ ಹಿಂದಿನವರು ಇನ್ನೂ ಸ್ವಲ್ಪ ಹೊತ್ತು ತಟ್ಟುತ್ತಲೇ ಇದ್ದರು.

ಟಾಡ್ ಮೈಕನ್ನು ಅಂಗೈಯಿಂದ ಮುಚ್ಚಿ ಅವಳ ಕಿವಿಗೆ ಬಾಗಿದ. ಕೇಕಿನ ವಾಸನೆಯ ಕೆಳಗೆ ಪೆಪ್ಪರ್‌ಮೆಂಟ್. "ಸಾಕು ಮಿಸೆಸ್ ಕೆ. ಪ್ಲೀಸ್. ಬನ್ನಿ, ಕೂತ್ಕೊಳ್ಳಿ."

ಆಗ ಹಿಂದಿನಿಂದ ಆರ್ಡೀಲಿಯಾಳ ದನಿ ಬಂತು, ಬಸ್ಸಿನ ಕೊನೇ ಸೀಟಿಗೆ ಕೇಳಿಸುವ ದನಿ. "ವೆರ್ನಾ! ಆರೇ ಆಯ್ತು!"

ವೆರ್ನಾ ನೋಡಿದಳು. ನಡುಗಿದ ಕೈ ಆರನೇ ಚೌಕದ ಆಚೆಗೇ ತಿರುಗಿಬಿಟ್ಟಿತ್ತು. ಶಾಲೆಗೆ ಅಂಟಿಕೊಂಡಂತಿದ್ದ ಏಳನೇ ಚೌಕ ಗಡಿಯ ಒಳಗೆ, ಟಾಲ್‌ಮನ್ ಹಿಲ್‌ನಲ್ಲಿ, ಸುರಕ್ಷಿತವಾಗಿ ಕೂತಿತ್ತು.

"ತುದೀದು ನಮ್ಮನೆ," ಎಂದಳು ಆರ್ಡೀಲಿಯಾ. "ನಾನು ಒಳಗಿರ್ಲಿಲ್ಲ."

 ಟಾಡ್ ಮಾರ್ಕರಿಗೆ ಕೈ ಚಾಚಿದ; ವೆರ್ನಾ ಮೊಣಕೈಯಿಂದ ತಳ್ಳಿದಳು. ತಪ್ಪು ತಿರುವಿಗೆ ಕಾಟು ಹೊಡೆದು, ಉಸಿರು ಬಿಗಿಹಿಡಿದು, ಏಳನೇ ಮನೆಯನ್ನು ಬಳಸಿ ಹೋದಳು. ಆ ಮನೆಯನ್ನು, ಅದರ ಅಡುಗೆಮನೆ ಕಿಟಕಿಯನ್ನು, ಕಿಟಕಿಯಲ್ಲಿದ್ದ ಆರು ವರ್ಷದ ಹುಡುಗಿಯನ್ನು ತನ್ನ ಕೈಯಾರೆ ಇನ್ನೊಮ್ಮೆ ಹೊರಗಿಟ್ಟಳು.

ಈ ಸಲ ಕೈ ನಡುಗಲಿಲ್ಲ. ತಿರುವು ನುಣುಪಾಗಿ ಬಂತು, ಆವತ್ತಿನ ಹಾಗೆಯೇ.