ಮಾವ ಮುಚ್ಚುತ್ತಿದ್ದ ಕಣ್ಣು

ಆ ಮನೆಯಲ್ಲಿ ಬಣ್ಣದ ಮಾತು ಬಂದರೆ ಮಾವನದೇ ಕೊನೆಯ ಮಾತು. ಫಿಲಂ ಕಾಲದಲ್ಲಿ ಕಲರ್ ಲ್ಯಾಬ್ ನಡೆಸಿದವರು ಅವರು. ಪ್ರಿಂಟನ್ನು ಕಿಟಕಿಯ ಬೆಳಕಿಗೆ ಹಿಡಿದು, ಬಲಗಣ್ಣು ಮುಚ್ಚಿ, ಎಡಗಣ್ಣಿನಿಂದ ಒಂದು ಸಲ ನೋಡಿ "ಹಳದಿ ಒಂಚೂರು ಇಳಿಸು" ಅನ್ನುತ್ತಿದ್ದರು. ಇಳಿಸಿದರೆ ಫೋಟೋದೊಳಗಿನ ಮಗುವಿನ ಕೆನ್ನೆಗೆ ಜೀವ ಬರುತ್ತಿತ್ತು. ಫೋಟೋಗ್ರಾಫರುಗಳೆಲ್ಲ ಅವರನ್ನು 'ಕಲರ್ ಮಾಸ್ಟ್ರು' ಎಂದೇ ಕರೆಯುತ್ತಿದ್ದರು. ಲ್ಯಾಬ್ ಬಾಗಿಲು ಹಾಕಿ ಎಷ್ಟೋ ಕಾಲವಾಯಿತು. ಹೆಸರು ಹೋಗಲಿಲ್ಲ, ಬಲಗಣ್ಣು ಮುಚ್ಚುವ ಅಭ್ಯಾಸವೂ ಹೋಗಲಿಲ್ಲ.

ಸೊಸೆ ಮನೆಯ ಮುಂದಿನ ಕೋಣೆಯಲ್ಲಿ ಕೂತು ಕ್ಯಾಟಲಾಗುಗಳಿಗೆ ಫೋಟೋ ತಿದ್ದಿಕೊಡುತ್ತಿದ್ದಳು. ಮಾವನಿಗೆ ಆ ಕೋಣೆಯೆಂದರೆ ಪ್ರಾಣ. ಕಾಫಿ ಲೋಟ ಹಿಡಿದು ಅವಳ ಕುರ್ಚಿಯ ಹಿಂದೆ ನಿಂತರೆ ಹಳೆಯ ಲ್ಯಾಬಿಗೇ ಹೋದಷ್ಟು ಸುಖ. ಅವಳೂ ಕೆಲಸ ಮುಗಿಯುವ ಮುಂಚೆ "ಮಾವ, ಒಂದ್ಸಲ ನೋಡಿ" ಅನ್ನದೆ ಇರುತ್ತಿರಲಿಲ್ಲ.

ಹೀಗಿರುವಾಗ ಪಿಂಗಾಣಿ ಬಟ್ಟಲು ಮಾಡುವ ಹೆಂಗಸೊಬ್ಬರು ತಮ್ಮ ಕ್ಯಾಟಲಾಗಿನ ಕೆಲಸ ಕೊಟ್ಟರು. ಬಟ್ಟಲುಗಳದು ಹಾಲಿನ ಕೆನೆಯ ಬಣ್ಣ. ಮಾವ ನೋಡಿ, "ಹಳದಿ ಜಾಸ್ತಿ ಆಯ್ತು ಕಣಮ್ಮ" ಎಂದರು. ಸೊಸೆ ಇಳಿಸಿದಳು. ಅಚ್ಚಾಗಿ ಬಂದಾಗ ಬಟ್ಟಲುಗಳು ಆಸ್ಪತ್ರೆಯ ಗೋಡೆಯ ಹಾಗೆ ನೀಲಿ ಹೊಡೆಯುತ್ತಿದ್ದವು. ಮತ್ತೆ ತಿದ್ದಿದಳು, ಮತ್ತೆ ಮಾವನಿಗೆ ತೋರಿಸಿದಳು, ಮತ್ತೆ ಅದೇ ಗೋಳು. "ನನ್ನ ಬಟ್ಟಲಿಗೆ ಚಳಿಜ್ವರ ಬಂದ ಹಾಗಿದೆಯಲ್ಲಮ್ಮ" ಎಂದು ಆಕೆ ಫೋನಿನಲ್ಲಿ ನೊಂದುಕೊಂಡರು. ಆವತ್ತು ಸೊಸೆಗೆ ಊಟ ಸೇರಲಿಲ್ಲ.

"ಮಾನಿಟರಿಗೆ ವಯಸ್ಸಾಯ್ತು, ಬೇರೆ ತರೋಣ" ಎಂದು ಮಾವ ತೀರ್ಪು ಕೊಟ್ಟರು.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ, ಹಾಗಾಯ್ತು ನನ್ನ ಕಥೆ. ಅದೇನು ಮಾಡುತ್ತೆ ಪಾಪ. ನನಗೇ ಬಣ್ಣದ ಕಣ್ಣಿಲ್ಲ ಅನ್ಸುತ್ತೆ ಮಾವ" ಎಂದಳು ಅವಳು.

ಒಳ್ಳೆಯ ಮಾನಿಟರ್ ಬಂದರೆ ಹುಡುಗಿಗೆ ಧೈರ್ಯ ಬರುತ್ತದೆ ಎಂದುಕೊಂಡು ಮಾವ ಮರುದಿನವೇ ಅವಳನ್ನು ಕರೆದುಕೊಂಡು ಕಂಪ್ಯೂಟರ್ ಅಂಗಡಿಗೆ ಹೊರಟರು. ಅವಳು ಒಂದು ಬಟ್ಟಲನ್ನು ಟವೆಲ್ಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

ಅಂಗಡಿಯವರು ಸಮಾಧಾನದ ಮನುಷ್ಯ. ದೀಪ ತಗ್ಗಿಸಿ, ಎರಡು ಮಾನಿಟರುಗಳನ್ನು ಪಕ್ಕಪಕ್ಕ ಹಚ್ಚಿ, ಎರಡರಲ್ಲೂ ಅವಳು ತಂದಿದ್ದ ಬಟ್ಟಲಿನ ಫೋಟೋವನ್ನೇ ತೆರೆದರು. ಒಂದು ಥಳಥಳ ಹೊಳೆಯುತ್ತಿತ್ತು. ಇನ್ನೊಂದರ ಗಾಜಿಗೆ ಹೊಳಪಿರಲಿಲ್ಲ, ಸುತ್ತ ಬೆಳಕು ಬೀಳದಂತೆ ಕಪ್ಪು ಮರೆ. ಬಣ್ಣ ಅಳೆದು ಸರಿಪಡಿಸಲು ಅಂಗೈಯಷ್ಟು ದೊಡ್ಡ ಯಂತ್ರವೊಂದು ಅದರ ಜೊತೆಗೇ ಬರುತ್ತಿತ್ತು.

"ಹೊಳೆಯೋದು ಸಿನಿಮಾ ನೋಡೋಕೆ ಚೆನ್ನ. ಇದು ನೋಡೋಕೆ ಸಪ್ಪೆ, ಆದ್ರೆ ಮೂಲೆಯಿಂದ ಮೂಲೆಗೆ ಒಂದೇ ಬಣ್ಣ. ಸುಳ್ಳು ಹೇಳಲ್ಲ" ಎಂದರು ಅಂಗಡಿಯವರು.

ಮಾವ ಮುಂದೆ ಬಂದು, ಬಲಗಣ್ಣು ಮುಚ್ಚಿ, ಎರಡನ್ನೂ ನೋಡಿದರು. "ಈ ಸಪ್ಪೆಯದು ಬರೀ ಹಳದಿ. ಹೊಳೆಯೋದೇ ಸರಿ. ಕೆನೆ ಅಂದ್ರೆ ಹೀಗಿರಬೇಕು."

ಸೊಸೆ ಬಟ್ಟಲನ್ನು ಸಪ್ಪೆಯದರ ಪಕ್ಕ ಹಿಡಿದಿದ್ದಳು. ಏನೋ ಹೇಳಲು ಬಾಯಿ ತೆರೆದು, ಮಾವನ ಮುಖ ನೋಡಿ, "ಸರಿ ಮಾವ. ನೀವು ಹೇಳಿದ ಮೇಲೆ ಮುಗೀತು" ಎಂದು ಬಟ್ಟಲನ್ನು ಮತ್ತೆ ಟವೆಲ್ಲಿನಲ್ಲಿ ಸುತ್ತತೊಡಗಿದಳು.

ಅಷ್ಟರಲ್ಲಿ ಯಾರೋ ಅಂಗಡಿಯ ಬಾಗಿಲು ತೆರೆದರು. ಬೀದಿಯ ಬಿಸಿಲು ಎಡಗಡೆಯಿಂದ ಮುಖಕ್ಕೆ ಹೊಡೆಯಿತು. ಮಾವ ಎಡಗಣ್ಣಿಗೆ ಅಂಗೈ ಅಡ್ಡ ಹಿಡಿದು ಬಲಗಣ್ಣು ಬಿಟ್ಟರು. ಅವರಿಗೆ ಒಂದು ಕ್ಷಣ ಅಂಗಡಿಯೇ ಬದಲಾದ ಹಾಗಾಯಿತು. ಹೊಳೆಯುವ ಪರದೆ, ಒಗೆದ ಬಟ್ಟೆಗೆ ನೀಲಿ ಹೆಚ್ಚಾದ ಹಾಗೆ ಕಂಡಿತು. ಸಪ್ಪೆಯದರಲ್ಲಿದ್ದ ಬಟ್ಟಲು, ಅವಳ ಕೈಯಲ್ಲಿದ್ದ ಬಟ್ಟಲು, ಎರಡೂ ಒಂದೇ ಪಾತ್ರೆಯ ಕೆನೆ.

ಅಂಗೈಯನ್ನು ಈ ಕಣ್ಣಿಂದ ಆ ಕಣ್ಣಿಗೆ ಬದಲಿಸಿದರು. ಹಳದಿ. ಮತ್ತೆ ಬದಲಿಸಿದರು. ಕೆನೆ. ಹೋದ ಚಳಿಗಾಲದಲ್ಲಿ ಡಾಕ್ಟರು ಪೊರೆ ತೆಗೆದದ್ದು ಬಲಗಣ್ಣಿನದು. ಎಡಗಣ್ಣಿನದನ್ನೂ ತೆಗೆಸಿ ಎಂದು ಅವರು ಹೇಳುತ್ತಲೇ ಇದ್ದರು. ಕತ್ತರಿ ಕಂಡರೆ ಹೆದರುವ ಮಾವ ಒಂದಲ್ಲ ಒಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದರು. ತಿಳಿಯಾದ ಕಣ್ಣನ್ನು ಮುಚ್ಚಿ, ಎಲ್ಲಕ್ಕೂ ಹಳದಿ ಬಳಿಯುವ ಪೊರೆಗಣ್ಣಿನಿಂದ ಇಷ್ಟು ದಿನ ತೀರ್ಪು ಹೇಳಿದ್ದರು.

ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. 'ಸಪ್ಪೆಯದೇ ಇರಲಿ ಬಿಡು' ಎಂದು ಮಾತು ತೇಲಿಸಿಬಿಡಬಹುದಿತ್ತು. ಆದರೆ ಅವಳು ತಲೆ ತಗ್ಗಿಸಿ ಟವೆಲ್ ಮಡಚುವುದನ್ನು ನೋಡಿ ಅವರಿಗೆ ತಡೆಯಲಾಗಲಿಲ್ಲ.

"ನಿಲ್ಲು ಮಗಳೇ. ಈಗೇನೋ ಹೇಳೋಕೆ ಹೊರಟಿದ್ದೆಯಲ್ಲ, ಹೇಳು."

"ಏನಿಲ್ಲ ಮಾವ. ಇದು ಬಟ್ಟಲಿಗೆ ಹೊಂದುತ್ತೆ ಅಂತ ನನಗೆ ಕಂಡಿತು. ನನ್ನ ಕಣ್ಣೇ..."

"ನಿನ್ನ ಕಣ್ಣು ಬಂಗಾರ. ಪೊರೆ ಇರೋದು ನನ್ನ ಎಡಗಣ್ಣಲ್ಲಿ, ನೋಡಿದ್ದೂ ಅದರಲ್ಲೇ. ಆವತ್ತು ಹಳದಿ ಇಳಿಸು ಅಂದವನು ನಾನು. ನೀನು ಮೊದಲು ಇಟ್ಟಿದ್ದೇ ಸರಿಯಾಗಿತ್ತು."

ಅಂಗಡಿಯವರು ಏನೋ ಹುಡುಕುವವರಂತೆ ಒಳಗೆ ಹೋದರು. ಸೊಸೆ ಬಟ್ಟಲನ್ನು ಎದೆಗೆ ಒತ್ತಿಕೊಂಡು ನಿಂತಳು. ಅವಳಿಗೆ ಕೋಪ ಬಂದೀತೆಂದು ಮಾವ ಕಾದರು. ಕಣ್ಣಲ್ಲಿ ನೀರು ತುಂಬಿತು, ಆಮೇಲೆ ನಗುವೂ ಬಂತು. "ನಾನು ಈ ಕೆಲಸಾನೇ ಬಿಟ್ಟುಬಿಡೋಣ ಅಂತಿದ್ದೆ ಮಾವ" ಎಂದಳು.

ಸಪ್ಪೆಯದೇ ಮನೆಗೆ ಬಂತು. ಅವಳು ಯಂತ್ರವನ್ನು ಪರದೆಗೆ ತೂಗುಹಾಕಿ ಬಣ್ಣ ಅಳೆಸಿ, ಬಟ್ಟಲುಗಳನ್ನು ಮೊದಲಿನಿಂದ ತಾನೊಬ್ಬಳೇ ತಿದ್ದಿದಳು. ಸಂಗತಿ ಕೇಳಿದ ಅತ್ತೆ, "ನೀವು ಒಂದು ಕಣ್ಣು ಮುಚ್ಚಿ ಹೇಳಿದ್ರಿ, ಅವಳು ಎರಡೂ ಮುಚ್ಚಿ ಕೇಳಿದ್ಲು. ಸರಿ ಹೋಯ್ತು" ಎಂದು ಗಂಡನನ್ನು ಅದೇ ವಾರ ಡಾಕ್ಟರ ಹತ್ತಿರ ಎಳೆದುಕೊಂಡು ಹೋದರು. ಕ್ಯಾಟಲಾಗಿನ ಹೊಸ ಪ್ರತಿ ಬಂದ ದಿನ ಪಿಂಗಾಣಿಯಾಕೆ ಮತ್ತೆ ಫೋನು ಮಾಡಿ, ಮುಂದಿನ ಕ್ಯಾಟಲಾಗೂ ನಿನಗೇ ಎಂದರು.

ಎಡಗಣ್ಣಿನ ಪಟ್ಟಿ ಬಿಚ್ಚಿದ ಮೇಲೂ ಮಾವ ಎಷ್ಟೋ ದಿನ ಆ ಕೋಣೆಯ ಹೊಸ್ತಿಲು ತುಳಿಯಲಿಲ್ಲ. ಕೊನೆಗೆ ಸೊಸೆಯೇ ಕರೆದಳು. "ಬನ್ನಿ ಮಾವ, ಈ ಹಸಿರು ಹೂಜಿ ನೋಡಿ."

ಅವರು ಎರಡೂ ಕಣ್ಣು ಬಿಟ್ಟು ನಿಧಾನವಾಗಿ ನೋಡಿದರು. "ನೆರಳಿನ ಕಡೆ ಒಂಚೂರು ಕೆಂಪು ಬೇಕೇನೋ" ಎಂದರು, ಹೆದರುತ್ತಲೇ.

ಅವಳು ಕೆಂಪು ಏರಿಸಿ ನೋಡಿದಳು, ಇಳಿಸಿ ನೋಡಿದಳು. "ಬೇಡ ಮಾವ, ಮೊದಲಿದ್ದದ್ದೇ ಇರಲಿ" ಎಂದಳು.

ಅವಳು ಅವರಿಗೆ ಬೇಡ ಎಂದದ್ದು ಅದೇ ಮೊದಲು. ಮಾವನಿಗೆ ಯಾಕೋ ತುಂಬ ಹಗುರವೆನಿಸಿತು. ಕುರ್ಚಿಯೊಂದನ್ನು ಎಳೆದುಕೊಂಡು ಅವಳ ಪಕ್ಕದಲ್ಲೇ ಕೂತು, "ಮುಂದಿನದು ತೆಗಿ, ನೋಡೋಣ" ಎಂದರು.