ಬೆನ್ನು ಒತ್ತುವ ವಿದ್ಯೆ

ವಾಡಿ ಜಂಕ್ಷನ್ನಿನಲ್ಲಿ ಉಸಿರುಕಟ್ಟಿ ನಿಂತಿದ್ದ ರೈಲು ಎಂಜಿನ್ನಿನ ಬೆನ್ನೇರಿ, ಎರಡೂ ಅಂಗೈಯಿಂದ ಹನ್ನೆರಡು ಸಲ ಒತ್ತಿ, ಅದಕ್ಕೆ ಜೀವ ಬರಿಸಿ ಹೈದರಾಬಾದಿನವರೆಗೆ ಓಡಿಸಿದವರು ಶಹಾಬಾದ ದವಾಖಾನೆಯ ಕಂಪೌಂಡರ್ ಪ್ರಹ್ಲಾದಾಚಾರ್ಯರು. ಡ್ರೈವರ್ ಕಾಲಿಗೆ ಬಿದ್ದನಂತೆ. ಅಷ್ಟು ಕಲ್ಲಿದ್ದಲು ಉಳಿಸಿಕೊಟ್ಟರೆಂದು ರೈಲ್ವೆಯವರು ಶಾಲು ಹೊದಿಸಲು ಬಂದರೆ ಇವರೇ ಬೇಡವೆಂದರಂತೆ.

ಈ ವಿದ್ಯೆಯನ್ನು ಅವರು ಹೈದರಾಬಾದಿನ ಒಂದು ದೊಡ್ಡ ದವಾಖಾನೆಯಲ್ಲಿ ಎಂಟು ದಿನ ಕಲಿತು ಬಂದಿದ್ದರು. ಉಸಿರು ನಿಲ್ಲುತ್ತಿರುವವನನ್ನು ಬೋರಲು ಮಲಗಿಸಿ, ಬೆನ್ನ ಮೇಲೆ ಕೈಯಿಟ್ಟು ಒತ್ತಿ ಬಿಡುವುದು. ಒತ್ತಿದಾಗ ಗಾಳಿ ಹೊರಗೆ, ಬಿಟ್ಟಾಗ ಒಳಗೆ. ಕೊಯ್ಯುವುದಿಲ್ಲ, ಗಂಟಲಿಗೆ ನಳಿಗೆ ಇಳಿಸುವುದಿಲ್ಲ. ಕಲಿತದ್ದಕ್ಕೆ ಅಲ್ಲಿ ಕೊಟ್ಟ ಉರ್ದು ಸನದಿಗೆ ಆಚಾರ್ಯರು ಹಾಕಿಸಿದ ಚೌಕಟ್ಟು ದವಾಖಾನೆಯ ಬಾಗಿಲಲ್ಲಿ ಹಿಡಿಸದೆ ಗೋಡೆ ಒಡೆದು ಒಳಗೆ ತರಬೇಕಾಯಿತು.

ನಿಜಾಮರ ಫಸಲಿ ೧೩೪೬ರ, ಅಂದರೆ ೧೯೩೭ರ, ಬೇಸಿಗೆಯಲ್ಲಿ ಡಾಕ್ಟರು ಹುಕುಂ ಮಾಡಿದರು: ಸೂಲಗಿತ್ತಿ ಮಾಶಾಬಿಗೂ, ಗಾಯಕ್ಕೆ ಪಟ್ಟಿ ಕಟ್ಟುವ ಭೀಮಶಾನಿಗೂ ಆಚಾರ್ಯರು ಇದನ್ನು ಕಲಿಸಬೇಕು. ಹುಕುಂ ಕೊಟ್ಟು ತಾವು ಕಾಲರಾ ಸೂಜಿ ಹಾಕಲು ಚಿಂಚೋಳಿ ಕಡೆ ಹೋದರು.

ನಾಲ್ಕು ದಿನ ಪಾಠವಾಯಿತು. ನಾಲ್ಕೂ ದಿನ ಎಂಜಿನ್ನಿನ ಕತೆಯೇ.

“ಸಾಹೇಬ್ರ, ಇವತ್ತರೆ ಕೈಲಿ ಮಾಡಿ ತೋರಸ್ರಿ. ನಾ ಬೋರಲ ಬೀಳ್ತೀನಿ,” ಎಂದ ಭೀಮಶಾ.

“ಅವಸರ ಮಾಡಬ್ಯಾಡೋ. ನನ್ನ ಕೈ ಭಾಳ ಜೋರದ. ಉಸಿರು ಹೆಚ್ಚಾಗಿ ನಿನ್ನ ಹೊಟ್ಟಿ ಒಡದೀತು.”

ಮಾಶಾಬಿ ಎಲೆ ಅಡಿಕೆ ಅಗಿಯುತ್ತ ಹೇಳಿದಳು: “ನಲ್ವತ್ತು ವರ್ಷಾತು ಕೂಸು ಹಿಡೀಲಿಕತ್ತು. ಹುಟ್ಟಿದ ಕೂಸು ಅಳಲಿಲ್ಲಂದ್ರ ನಾನೂ ಬೆನ್ನು ತಿಕ್ಕತೀನಿ. ಒಂದೂ ಹೈದರಾಬಾದಿಗೆ ಓಡಿಲ್ಲ ನೋಡ್ರಿ.”

ಆಚಾರ್ಯರೂ ನಕ್ಕರು. ನಗುತ್ತಲೇ ಬಾಗಿಲ ಕಡೆ ನೋಡಿದರು. ಡಾಕ್ಟರು ಬಂದು ‘ತೋರಿಸಿ’ ಎಂದರೆ?

ಡಾಕ್ಟರಿಗಿಂತ ಮೊದಲು ದಸ್ತಗೀರ ಬಂದ. ಐದನೆಯ ದಿನ ಮಧ್ಯಾಹ್ನ, ಹೊರಸಿನ ಮೇಲೆ, ನಾಲ್ವರ ಹೆಗಲೇರಿ. ಕಲ್ಲಿನ ಗಣಿಯಲ್ಲಿ ದುಡಿಯುವ ಅವನು ಮಾಶಾಬಿಯ ಅಳಿಯ. ನಸುಕಿನಲ್ಲಿ ಚಪ್ಪಡಿ ಎತ್ತುವಾಗ ಬಿಳಿ ಪಟ್ಟೆಯ ಕರಿಹಾವು ಕಚ್ಚಿತ್ತು. ಇರುವೆ ಕಚ್ಚಿದಷ್ಟೇ ನೋವು ಎಂದು ಕೆಲಸ ಮುಂದುವರಿಸಿದ್ದ. ಈಗ ರೆಪ್ಪೆ ಜೋತುಬಿದ್ದಿದ್ದವು, ನಾಲಗೆ ಹೊರಳುತ್ತಿರಲಿಲ್ಲ. ಉಸಿರು ಎದೆ ಬಿಟ್ಟು ಕುತ್ತಿಗೆಗೆ ಬಂದಿತ್ತು. ಮಾಶಾಬಿಯ ಮಗಳು ಸೆರಗು ಬಾಯಿಗೆ ತುರುಕಿಕೊಂಡು ಹೊಸ್ತಿಲಲ್ಲೇ ಕುಳಿತಳು.

ಮಾಶಾಬಿ ಅಳಲಿಲ್ಲ. “ಒತ್ರಿ,” ಎಂದಳು.

ದಸ್ತಗೀರನನ್ನು ನೆಲದ ಮೇಲೆ ಬೋರಲು ಹಾಕಿದರು. ಆಚಾರ್ಯರು ಅವನ ಹೆಗಲೆಲುಬುಗಳ ನಡುವೆ ಕೈಯಿಟ್ಟು, ಇದ್ದ ಬಲವನ್ನೆಲ್ಲ ಹಾಕಿ ಒತ್ತಿದರು. ಸರಸರನೆ ಒತ್ತಿದರು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕಿತು.

ಮಾಶಾಬಿ ಅಳಿಯನ ಮೂಗಿನ ಮುಂದೆ ಅಂಗೈ ಹಿಡಿದಿದ್ದಳು. “ಹವಾ ಬರವಲ್ದು.”

“ಬರ್ತದ ತಡಿ. ಎಂಜಿನ್ನಿಗೂ ಮೊದಲ...” ಮಾತು ಅಲ್ಲೇ ನಿಂತಿತು. ದಸ್ತಗೀರನ ಉಗುರು ನೀಲಿಯಾಗುತ್ತಿದ್ದವು.

“ಆಚಾರ್ರ, ಇವ ನನ್ನ ಮಗಳ ಗಂಡ.” ಅವಳ ದನಿ ಇಳಿದಿತ್ತು. “ಇಲ್ಲೀತನಕ ನೀವು ಎಷ್ಟು ಮಂದಿಗೆ ಒತ್ತೀರಿ?”

“ಸಾವಿರ...” ಎಂದಿತು ನಾಲಗೆ, ರೂಢಿಯಂತೆ. ಅವಳು ನೋಡುತ್ತಲೇ ಇದ್ದಳು.

“ಒಬ್ಬರಿಗೂ ಒತ್ತಿಲ್ಲ,” ಎಂದರು ಆಚಾರ್ಯರು. “ನನ್ನನ್ನ ಒತ್ತಿದ್ರು. ‘ಇವ ಬಡಕ, ಎಲುಬು ಎಣಸ್ಲಿಕ್ಕೆ ಬರ್ತಾವ’ ಅಂತ ಎಂಟೂ ದಿನ ನನ್ನನ್ನ ಮೇಜಿನ ಮ್ಯಾಲ ಬೋರಲ ಹಾಕಿದ್ರು. ಇಪ್ಪತ್ತು ಮಂದಿ ನನ್ನ ಬೆನ್ನಿನ ಮ್ಯಾಲ ಕಲತು ಹೋದ್ರು. ನಾ ನೋಡಿದ್ದು ನೆಲ ಒಂದೇ.”

ಭೀಮಶಾ ಬಾಯೊಳಗೇ ಏನೋ ಬೈದ. ಮಾಶಾಬಿ ಬೈಯಲಿಕ್ಕೂ ಹೊತ್ತು ಕಳೆಯಲಿಲ್ಲ. “ಹಂಗಾರ ಬೀಳ್ರಿ,” ಎಂದಳು.

ಆಚಾರ್ಯರು ಅಂಗಿ ಬಿಚ್ಚಿ ದಸ್ತಗೀರನ ಮಗ್ಗುಲಿಗೇ ಬೋರಲು ಬಿದ್ದರು. ಮಾಶಾಬಿ ಜನಿವಾರ ಸರಿಸಿ ಅಂಗೈಯಿಟ್ಟಳು.

“ಮ್ಯಾಲಾತು. ನಾನೂ ಅಲ್ಲೇ ಒತ್ತಿ ತಪ್ಪಿದೆ. ಕೆಳಗ ಬಾ, ಇನ್ನೂ. ಕಡೇ ಪಕ್ಕೆಲುಬು ಸಿಗ್ತದಲ್ಲ, ಅದರ ಮ್ಯಾಲ. ಬಲ ಹಾಕಬ್ಯಾಡ. ಮುಂದಕ ಬಾಗು, ನಿನ್ನ ಭಾರ ತಾನ ಇಳೀಲಿ.” ಉಸಿರು ಹಿಂಡಿ ಮಾತು ತುಂಡಾಯಿತು. “ಹಾಂ, ಇದ. ಈಗ ಬಿಡು. ಗಾಳಿ ಒಳಗ ಹೋಗಲಿ, ಆಮ್ಯಾಲ ಮತ್ತ.”

ಎರಡೇ ಸಲ. ಮಾಶಾಬಿ ಅಳಿಯನತ್ತ ಹೊರಳಿ ಮಂಡಿಯೂರಿದಳು. ಅವಳು ಬಾಗಿದಾಗ ತಾನೂ ಬಾಗುತ್ತ ಭೀಮಶಾ ಆಚಾರ್ಯರ ಬೆನ್ನ ಮೇಲೆ ಕೈಯಿಟ್ಟ. ಅವಳು ದಣಿದರೆ ಮುಂದಿನ ಸರದಿ ಅವನದು.

ಆಚಾರ್ಯರ ಕೆನ್ನೆ ಕಲ್ಲಿನ ಮೇಲಿತ್ತು. ಗೇಣು ದೂರದಲ್ಲಿ ದಸ್ತಗೀರನ ಮುಖ. ಮೂರನೆಯ ಒತ್ತಿಗೆ ಬೆಚ್ಚನೆಯ ಗಾಳಿಯೊಂದು ಅವರ ಮೂಗಿಗೆ ತಾಕಿತು. ನಿಂತಿತು. ಮತ್ತೆ ತಾಕಿತು.

“ಬರಾಕತ್ತದ,” ಎಂದರು.

“ಎಷ್ಟೊತ್ತು ಒತ್ತಬೇಕು ಹಿಂಗ?” ಮಾಶಾಬಿ ಕೈ ನಿಲ್ಲಿಸದೆ ಕೇಳಿದಳು.

ಮೂರು ಹಗಲು ಮೂರು ರಾತ್ರಿ ಎಂಬ ಉತ್ತರ ತುಟಿಯವರೆಗೆ ಬಂದಿತ್ತು. ಆಚಾರ್ಯರು ಅದನ್ನು ನುಂಗಿಕೊಂಡರು.

“ಗೊತ್ತಿಲ್ಲ ಮಾಶಾಬಿ. ಖರೇನ ಗೊತ್ತಿಲ್ಲ. ಅಲ್ಲಿ ನನ್ನ ತಾಸಿಗೊಮ್ಮೆ ಚಹಾಕ್ಕ ಎಬ್ಬಸ್ತಿದ್ರು.”